ಊರೆಲ್ಲ ತಿಂದ ರೊಟ್ಟಿ

ರಾಯಬಾಗದ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಹಳೆಯ ಬೆಲ್ಲದ ಗೋದಾಮೊಂದಿದೆ. ಈಗ ಅಲ್ಲಿ ಟ್ರ್ಯಾಕ್ಟರಿನ ಬಿಡಿಭಾಗ ಮಾರುತ್ತಾರೆ. ಅದಕ್ಕೂ ಮೊದಲು ಕೆಲವು ವರ್ಷ ಆ ಕಟ್ಟಡದಿಂದ ರೊಟ್ಟಿ ಬಡಿಯುವ ಸದ್ದು ಬೆಳಗಿನಿಂದ ಮಧ್ಯಾಹ್ನದ ತನಕ ಕೇಳಿಬರುತ್ತಿತ್ತು. ಬಾಗಿಲ ಮೇಲಿನ ಹಲಗೆಯಲ್ಲಿ ‘ಸಾವಲಿ’ ಎಂದು ಬರೆದಿತ್ತು. ಮರಾಠಿಯಲ್ಲಿ ಹಾಗೆಂದರೆ ನೆರಳು. ಹೆಸರಿಟ್ಟವರು ನಿವೃತ್ತ ಹೆಡ್‌ಮಾಸ್ತರ ಭಾವುಸಾಹೇಬರು, ನಡೆಸಿದವಳು ಸರಿತಾ.

ಸರಿತಾ ನಿಪ್ಪಾಣಿಯಲ್ಲಿ ಹುಟ್ಟಿದವಳು. ತಾಯಿ ಬೀಡಿ ಕಟ್ಟಿ ಮಗಳನ್ನು ಬಿ.ಕಾಂ. ತನಕ ಓದಿಸಿದಳು. ಮದುವೆಯಾಗಿ ರಾಯಬಾಗಕ್ಕೆ ಬಂದ ಮೇಲೆ ಒಂದು ಪತ್ತಿನ ಸಂಘದಲ್ಲಿ ಲೆಕ್ಕ ಬರೆಯುತ್ತಿದ್ದಳು. ಸಂಘ ಬಾಗಿಲು ಹಾಕಿತು. ಗಂಡ ನಿಲೇಶ ಬಸ್ ಕಂಡಕ್ಟರ್, ಮನೆಯಲ್ಲಿ ಸಣ್ಣ ಮಕ್ಕಳು. ಅತ್ತೆ ಜನಾಬಾಯಿ ಮೊದಲಿನಿಂದಲೂ ಮಂದಿಯ ಹೊಲದಲ್ಲಿ ಕಬ್ಬಿನ ಕಳೆ ತೆಗೆದು ಬದುಕಿದವಳು. ಸರಿತಾ ಮನೆಯಲ್ಲಿ ಕೂತಿದ್ದಾಳೆ ಎಂದು ತಿಳಿದು ಭಾವುಸಾಹೇಬರೇ ಒಂದು ದಿನ ಮನೆಗೆ ಬಂದರು. ಬಾಗಿಲ ಎದುರಿನ ಗೋಡೆಯಲ್ಲಿ ಬುದ್ಧನ ಪಟವಿತ್ತು. ಅದರ ಕೆಳಗೆ ಕೂತು, ಕೊಟ್ಟ ನೀರು, ಚಹಾ ಕುಡಿದು ತಮ್ಮ ಮನಸ್ಸಿನಲ್ಲಿದ್ದದ್ದನ್ನು ಹೇಳಿದರು. ಗಂಡ ಬಿಟ್ಟವರು, ಗಂಡ ಸತ್ತವರು, ಯಾರ ಆಧಾರವೂ ಇಲ್ಲದವರು ಸೇರಿ ಜೋಳದ ರೊಟ್ಟಿ ಮಾಡಿ ಮಾರಬೇಕು. ದಾನದ ಮಾತು ಬೇಡ, ಸರಿಯಾದ ವ್ಯಾಪಾರ ಮಾಡಬೇಕು, ಬಂದ ಲಾಭ ಆ ಹೆಂಗಸರಿಗೇ ತಿರುಗಬೇಕು. ಪಗಾರ ಹೆಚ್ಚು ಕೊಡಲಾಗದು ಎಂದೂ ಮುಚ್ಚುಮರೆಯಿಲ್ಲದೆ ಹೇಳಿದರು. ಸರಿತಾ ಒಪ್ಪಿದಳು. ಯಾಕೆ ಒಪ್ಪಿದೆ ಎಂದು ನಿಲೇಶ ಕೇಳಿದ್ದಕ್ಕೆ, ಮಾಸ್ತರು ನಮ್ಮ ಮನೆಯ ನೀರು ಕುಡಿದರಲ್ಲ ಎಂದು ನಕ್ಕಳು.

ರೊಟ್ಟಿ ಹಾಸ್ಟೆಲ್ಲುಗಳಿಗೆ ಹೋಗುತ್ತಿತ್ತು, ಊಟದ ಹೋಟೆಲುಗಳಿಗೆ ಹೋಗುತ್ತಿತ್ತು, ಒಂದು ಸಕ್ಕರೆ ಕಾರ್ಖಾನೆಯ ಕ್ಯಾಂಟೀನಿಗೆ ಹೋಗುತ್ತಿತ್ತು. ಲಗ್ನದ ಹಂಗಾಮಿನಲ್ಲಿ ಮಿರಜಿನ ತನಕ ಹೋಗುತ್ತಿತ್ತು. ಬಾಡಿಗೆಗೂ ಪಗಾರದಲ್ಲಿ ಬೀಳುವ ಕೊರತೆಗೂ ಪುಣೆಯ ಒಂದು ಫೌಂಡೇಶನ್ ವರ್ಷಕ್ಕಿಷ್ಟು ಎಂದು ಕೊಡುತ್ತಿತ್ತು. ಹೊರಗಿನವರಿಗೆ ಇದು ಹಿಟ್ಟು, ನೀರು, ಬೆಂಕಿಯ ಕೆಲಸದಂತೆ ಕಾಣುತ್ತಿತ್ತು. ಸರಿತಾಳಿಗೆ ದಿನ ಬೆಳಗಾದರೆ ಬೇರೆಯದೇ ಕೆಲಸ. ಯಾರನ್ನು ಯಾವ ಒಲೆಯ ಮುಂದೆ ಕೂರಿಸಬೇಕು, ಯಾರ ಪಕ್ಕದಲ್ಲಿ ಯಾರು ಕೂತರೆ ಜಗಳ ಹತ್ತುತ್ತದೆ, ಕಬ್ಬು ಕಡಿಯುವ ಹಂಗಾಮು ಶುರುವಾದಾಗ ಹೊಲದ ಹೆಚ್ಚಿನ ಕೂಲಿಗೆ ಓಡುವವರನ್ನು ಯಾವ ಮಾತು ಹೇಳಿ ನಿಲ್ಲಿಸಬೇಕು. ಜೋಳದ ದರ ಏರಿದ ಮರುದಿನವೇ ರೊಟ್ಟಿಯ ದರ ಏರಿಸಲು ಯಾವ ಗಿರಾಕಿಯೂ ಬಿಡುತ್ತಿರಲಿಲ್ಲ. ಕ್ಯಾಂಟೀನಿನವರು ಬಿಲ್ಲು ಕೊಡಲು ತಿಂಗಳುಗಟ್ಟಲೆ ತಿರುಗಿಸುತ್ತಿದ್ದರು. ರಮಜಾನ ಬಂದರೆ ದಿಲಶಾದಬಿಗೆ, ದೀಪಾವಳಿ ಬಂದರೆ ಉಳಿದವರಿಗೆ, ಪಗಾರ ಹಬ್ಬಕ್ಕಿಂತ ಮೊದಲು ಕೈಗೆ ಸೇರಬೇಕು. ಅದನ್ನು ಅವಳು ಹೇಗೋ ಸಾಧಿಸುತ್ತಿದ್ದಳು. ಹೇಗೆಂದು ಯಾರೂ ಕೇಳುತ್ತಿರಲಿಲ್ಲ.

ದಿಲಶಾದಬಿ ಅಲ್ಲಿನ ಮುಖ್ಯ ಕೆಲಸಗಾರ್ತಿ. ಗಂಡ ಇಚಲಕರಂಜಿಯ ಮಗ್ಗಕ್ಕೆಂದು ಹೋದವನು ತಿರುಗಿ ಬಂದಿರಲಿಲ್ಲ. ಮಗಳು ಹೀನಾಳನ್ನು ನರ್ಸಿಂಗ್ ಓದಿಸುತ್ತಿದ್ದಳು. ಬಾಯಿ ಜೋರು, ಕೈ ಅದಕ್ಕಿಂತ ಜೋರು. ಸರಿತಾಳನ್ನು ಸರಿತಾಬಾಯಿ ಎಂದು ಕರೆಯುತ್ತಿದ್ದಳು.

ಜನಾಬಾಯಿ ಸಾವಲಿಗೆ ಬಂದದ್ದು ಎರಡನೆಯ ವರ್ಷ. ಒಬ್ಬಳು ಬಿಟ್ಟುಹೋಗಿ ಒಂದು ಒಲೆ ಖಾಲಿ ಬಿದ್ದಿತ್ತು. ನಾನು ಬರಲೇನು ಎಂದು ಅತ್ತೆ ಮನೆಯಲ್ಲಿ ಮೆಲ್ಲಗೆ ಕೇಳಿದಾಗ ಸರಿತಾ ಹಿಂಜರಿದಳು. ತನ್ನವರನ್ನು ತುಂಬಿಕೊಂಡಳು ಎಂಬ ಮಾತು ಬರಬಾರದೆಂಬ ಅಂಜಿಕೆ ಅವಳಿಗೆ. ಭಾವುಸಾಹೇಬರೇ ಜನಾಬಾಯಿಯನ್ನು ಕರೆಸಿದರು. ಮೊದಲ ದಿನ ಜನಾಬಾಯಿ ಹಿಟ್ಟು ಮುಟ್ಟುವ ಮೊದಲು ಕೈಯನ್ನು ಮತ್ತೆ ಮತ್ತೆ ತೊಳೆದಳು. ದೊಡ್ಡ ರೈತರ ಮನೆಗಳಲ್ಲಿ ಹಿತ್ತಲಲ್ಲಿ ಕೂತು, ಮೇಲಿನಿಂದ ಸುರಿದ ನೀರನ್ನು ಬೊಗಸೆಯಲ್ಲಿ ಕುಡಿದ ಹೆಂಗಸು. ಒಬ್ಬ ಹೋಟೆಲ್ ಮಾಲೀಕ ಆ ವಾರವೇ ಬಂದು, ಹೊಸಬಳು ಯಾರ ಪೈಕಿ ಎಂದು ಸುತ್ತುಬಳಸಿ ವಿಚಾರಿಸಿದ. ಭಾವುಸಾಹೇಬರು ಉತ್ತರ ಹೇಳುವ ಮೊದಲೇ ದಿಲಶಾದಬಿ ಎದ್ದು ಜನಾಬಾಯಿಯ ಬುಟ್ಟಿಯಿಂದ ಬಿಸಿ ರೊಟ್ಟಿ ತೆಗೆದು, ಶೇಂಗಾ ಚಟ್ನಿ ಹಚ್ಚಿ, ಅವನ ಮುಖ ನೋಡುತ್ತ ತಿಂದು ಮುಗಿಸಿದಳು. ಅವನು ಎಂದಿನ ರೊಟ್ಟಿ ಕಟ್ಟಿಸಿಕೊಂಡು ಹೋದ. ಮರುದಿನವೂ ಬಂದ.

ಆಮೇಲೆ ಜನಾಬಾಯಿಯ ನಡಿಗೆಯೇ ಬದಲಾಯಿತು. ಮುಂಜಾನೆ ಎಲ್ಲರಿಗಿಂತ ಮೊದಲು ಒಗೆದ ಸೀರೆ ಉಟ್ಟು ಸಿದ್ಧವಾಗುತ್ತಿದ್ದಳು. ಒಮ್ಮೆ ಚಿಕ್ಕೋಡಿ ಬಸ್ಸಿನಲ್ಲಿ ಪಕ್ಕದ ಸೀಟಿನ ಹೆಂಗಸು ಸಾವಲಿಯ ಪೊಟ್ಟಣ ಬಿಚ್ಚಿ ಮಕ್ಕಳಿಗೆ ರೊಟ್ಟಿ ಮುರಿದು ಕೊಟ್ಟದ್ದನ್ನು ಕಂಡು ಬಂದಿದ್ದಳು. ಕೊರಳಲ್ಲಿ ದಪ್ಪ ಬಂಗಾರವಿದ್ದ ಹೆಂಗಸು. ಆ ಸಂಗತಿಯನ್ನು ಎಷ್ಟು ಸಲ ಹೇಳಿದಳೆಂದರೆ ಕೊನೆಗೆ ನಿಲೇಶನೇ ಬಸ್ಸಿನಲ್ಲಿ ಇದ್ದವನಂತೆ ಅದನ್ನು ಪೂರ್ತಿ ಮಾಡುತ್ತಿದ್ದ.

ಹೀಗೆ ನಡೆಯುತ್ತಿರುವಾಗ ಭಾವುಸಾಹೇಬರಿಗೆ ಲಕ್ವಾ ಹೊಡೆಯಿತು. ಬಲಗೈ ಹೋಯಿತು, ಮಾತು ಹೋಯಿತು. ಅದೇ ವರ್ಷ ಫೌಂಡೇಶನ್ನಿನಿಂದ ಹೊಸ ಅಧಿಕಾರಿ ಬಂದ. ಹೆಸರು ಸಂಗ್ರಾಮ, ಕೊಲ್ಲಾಪುರದ ಕಡೆಯ ಹುಡುಗ, ನಮ್ಮ ಕನ್ನಡವನ್ನೂ ಚೆನ್ನಾಗಿ ಆಡುತ್ತಿದ್ದ. ಕೆಟ್ಟವನೆಂದು ಅವನನ್ನು ಯಾರೂ ಹೇಳಲಾರರು. ಹೆಂಗಸರ ಸಾಲಿನಲ್ಲಿ ನೆಲದ ಮೇಲೆ ಕೂತು ಉಂಡ, ಒಬ್ಬೊಬ್ಬರ ಹೆಸರು ಕೇಳಿ ನೆನಪಿಟ್ಟುಕೊಂಡ. ಊಟವಾದ ಮೇಲೆ ಸರಿತಾಳ ಎದುರು ಕೂತು, ಫೌಂಡೇಶನ್ನಿನ ನಿಯಮ ಬದಲಾಗಿದೆ ಎಂದು ತಿಳಿಸಿದ. ಇನ್ನು ಪಗಾರಕ್ಕೆ, ಬಾಡಿಗೆಗೆ ಹಣ ಬರುವುದಿಲ್ಲ. ಒಂದೇ ಸಲ ಕೊಡುತ್ತಾರೆ, ಅದೂ ಯಂತ್ರಕ್ಕೆ. ರೊಟ್ಟಿ ಮಾಡುವ ಯಂತ್ರ ತಂದು ಸಾವಲಿ ತನ್ನ ಕಾಲ ಮೇಲೆ ನಿಲ್ಲಬೇಕು.

ಯಂತ್ರ ಬಂದರೆ ಇಷ್ಟು ಮಂದಿಗೆ ಕೆಲಸವೆಲ್ಲಿ ಎಂದು ಅವಳು ಕೇಳಿದಳು.

“ಮ್ಯಾಡಂ, ಎಲ್ಲಾರ್ನೂ ಇಟ್ಕೊಂಡ್ರ ವರ್ಷದಾಗ ಎಲ್ಲಾರೂ ಮನೀಗೆ ಹೋಗ್ತಾರ. ಅರ್ಧ ಮಂದೀನರ ಉಳಸ್ರಿ.”

ಅವನು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಕೊರತೆ ಎಷ್ಟಿದೆ, ಅದು ಎಲ್ಲಿಂದ ಬರುತ್ತಿದೆ ಎಂಬುದು ಅವನಿಗಿಂತ ಚೆನ್ನಾಗಿ ಸರಿತಾಳಿಗೇ ಗೊತ್ತಿತ್ತು. ಆದರೆ ಕೈಗಳಿಗೆ ಕೆಲಸ ಕೊಡಲೆಂದು ಹುಟ್ಟಿದ ಮನೆ ಕೈಗಳನ್ನು ಹೊರಗೆ ಹಾಕಿ ಉಳಿಯುವುದೆಂದರೆ ಏನು ಉಳಿದಂತೆ?

ಅವಳು ಭಾವುಸಾಹೇಬರ ಮನೆಗೆ ಹೋದಳು. ಮಂಚದ ಪಕ್ಕ ಕೂತು ಎಲ್ಲವನ್ನೂ ಹೇಳಿದಳು. ಅವರು ಎಡಗೈ ಎತ್ತಿ ಏನೋ ತೋರಿಸಿದರು. ಹೌದೆಂದೋ, ಬೇಡವೆಂದೋ, ನನ್ನನ್ನು ಕೇಳಬೇಡವೆಂದೋ ಗೊತ್ತಾಗಲಿಲ್ಲ. ಕಣ್ಣಲ್ಲಿ ನೀರು ಬಂತು. ಅವರ ಸೊಸೆ ಬಂದು ಮುಖ ಒರೆಸಿ, ಇನ್ನು ದಣಿಯುತ್ತಾರೆ ಎಂದಳು.

ಯಾರನ್ನು ಬಿಡುವುದು? ವಯಸ್ಸು ನೋಡಿದರೆ ಸಕ್ಕುಬಾಯಿಯನ್ನು ಬಿಡಬೇಕು. ಅವಳನ್ನು ಕೊಕಟನೂರ ಯಲ್ಲಮ್ಮನ ಗುಡಿಯ ಮುಂದೆ ಕೈಯೊಡ್ಡುವುದನ್ನು ಬಿಡಿಸಿ ಭಾವುಸಾಹೇಬರೇ ಕರೆತಂದಿದ್ದರು. ಹಿಂದೆ ಮುಂದೆ ಯಾರೂ ಇಲ್ಲ. ಕೆಲಸದ ವೇಗ ನೋಡಿದರೆ ಮಂಡಿನೋವಿನವರು ಹೋಗಬೇಕು. ಆ ನೋವು ಬಂದದ್ದು ಇಲ್ಲಿಯ ಒಲೆಯ ಮುಂದೆ ಕೂತೇ. ಕೊನೆಗೆ ಬಂದವರು ಮೊದಲು ಹೋಗಲಿ ಎಂದರೆ, ಅವರಲ್ಲಿ ಇಬ್ಬರಿಗೆ ಹಾಲು ಕುಡಿಯುವ ಕೂಸುಗಳು. ಯಾವ ಗೆರೆ ಎಳೆದರೂ ಅದರ ಆಚೆ ಒಂದು ಮುಖ ನಿಂತಿರುತ್ತಿತ್ತು. ಆ ದಿನಗಳಲ್ಲಿ ಅವಳು ಯಾರ ಜೊತೆಗೂ ಕಣ್ಣು ಕೊಟ್ಟು ಮಾತಾಡಲಿಲ್ಲ. ಹೆಂಗಸರೂ ಏನೋ ವಾಸನೆ ಹಿಡಿದಿದ್ದರು. ಒಲೆಗಳ ಮುಂದಿನ ಹಾಡು ನಿಂತಿತ್ತು, ಸಣ್ಣ ಜಗಳಗಳೂ ನಿಂತಿದ್ದವು.

ಕೊನೆಗೆ ಅವಳಿಗೆ ಒಂದು ಹಿಡಿಕೆ ಸಿಕ್ಕಿತು. ತಿಂಗಳ ಪಗಾರ ಬರುವ ಮನೆ ಯಾವುದು? ಎಲ್ಲರ ಪೈಕಿ ಅಂಥ ಮನೆ ಒಂದೇ, ತನ್ನದು. ಹಾಗಾದರೆ ಮೊದಲು ಬಿಡಬೇಕಾದವಳು ಜನಾಬಾಯಿ. ಅವಳ ಹೆಸರು ಮೊದಲು ಹೇಳಿದರೆ ಉಳಿದ ಹೆಸರುಗಳನ್ನು ಹೇಳಲು ಬಾಯಿ ಬರುತ್ತದೆ, ಕೇಳುವವರಿಗೂ ಎದುರು ಮಾತಾಡಲು ಜಾಗ ಉಳಿಯುವುದಿಲ್ಲ. ಇದನ್ನು ಅವಳು ನಿಲೇಶನಿಗೆ ಹೇಳಲಿಲ್ಲ, ಅತ್ತೆಗೂ ಹೇಳಲಿಲ್ಲ. ಮನೆಯಲ್ಲಿ ಬಾಯಿಬಿಟ್ಟರೆ ಎಲ್ಲಿ ಮೆತ್ತಗಾಗುತ್ತೇನೋ ಎಂಬ ಅಂಜಿಕೆ ಒಂದು. ಅದರ ಕೆಳಗೆ ಇನ್ನೊಂದಿತ್ತು: ಎಲ್ಲರೂ ಕಣ್ಣಾರೆ ನೋಡಲಿ ಎಂಬುದು.

ಶನಿವಾರ ಪಗಾರ ಹಂಚಿದ ಮೇಲೆ, ಕೆಲವು ಒಲೆಗಳು ಇನ್ನೂ ಉರಿಯುತ್ತಿರುವಾಗಲೇ, ಅವಳು ನಿಂತು ಹೇಳಿದಳು. ಯಂತ್ರದ ಸಂಗತಿ, ಫೌಂಡೇಶನ್ನಿನ ನಿಯಮ, ಎಲ್ಲ ಬಿಡಿಸಿ ಹೇಳಿ, ಕೆಲಸ ಬಿಡಬೇಕಾದವರ ಹೆಸರು ಓದತೊಡಗಿದಳು. ಮೊದಲ ಹೆಸರು ಬಂದಾಗ ಎಲ್ಲರೂ ಜನಾಬಾಯಿಯ ಕಡೆ ತಿರುಗಿದರು. ಅವಳ ಹಂಚಿನ ಮೇಲೆ ಒಂದು ರೊಟ್ಟಿ ಇತ್ತು. ಜನಾಬಾಯಿ ಅದಕ್ಕೆ ನೀರು ಸವರಿದಳು, ತಿರುವಿ ಹಾಕಿದಳು, ಉಬ್ಬುವ ತನಕ ಬಟ್ಟೆಯಿಂದ ಒತ್ತಿದಳು, ತೆಗೆದು ಬುಟ್ಟಿಗೆ ಹಾಕಿದಳು. ಹಿಟ್ಟಿನ ಪಾತ್ರೆ ತೊಳೆದು ಬೋರಲು ಹಾಕಿ, ಸೆರಗಿನ ಹಿಟ್ಟು ಕೊಡವಿ, ಚಪ್ಪಲಿ ಮೆಟ್ಟಿ ಹೊರಟಳು. ಆಮೇಲಿನ ಹೆಸರುಗಳಿಗೆ ಯಾರೂ ತಕರಾರು ಮಾಡಲಿಲ್ಲ. ಸಕ್ಕುಬಾಯಿ ಕೂಡ ಎದ್ದು ಸರಿತಾಳ ತಲೆ ಸವರಿ ಹೋದಳು. ಸರಿತಾ ಎಣಿಸಿದ್ದು ಎಣಿಸಿದಂತೆಯೇ ನಡೆದಿತ್ತು, ಅದೇ ಅವಳಿಗೆ ಹಿಡಿಸಲಿಲ್ಲ. ದಿಲಶಾದಬಿ ಒಬ್ಬಳು ಮಾತ್ರ, ಕೆಲಸ ಉಳಿದವರ ಸಾಲಿನಲ್ಲಿದ್ದರೂ, ಆ ದಿನ ಅವಳ ಜೊತೆ ಮಾತಾಡದೆ ಹೋದಳು.

ಸಂಜೆ ಮನೆಯಲ್ಲಿ ಜನಾಬಾಯಿ ಹೊಸ್ತಿಲ ಮೇಲೆ ಕೂತಿದ್ದಳು. ನಿಲೇಶ ಡ್ಯೂಟಿ ಮುಗಿಸಿ ಬಂದು ಸಂಗತಿ ತಿಳಿದು, ಇಬ್ಬರ ಮುಖವನ್ನೂ ನೋಡಿ ಒಳಗೆ ಹೋಗಿಬಿಟ್ಟ. ಸರಿತಾ ಹತ್ತಿರ ಕೂತು, ನಮ್ಮ ಮನೆಯಲ್ಲಿ ಪಗಾರ ಬರುತ್ತದೆ, ಅವರ ಮನೆಗಳಲ್ಲಿ ಏನೂ ಇಲ್ಲ ಎಂದು ತಿಳಿಹೇಳಲು ನೋಡಿದಳು. ಜನಾಬಾಯಿ ಮುಗಿಯುವ ತನಕ ಕೇಳಿಕೊಂಡಳು.

“ಪಗಾರದ ಸಲುವಾಗಿ ಬರತಿದ್ನೇನ ನಾ?” ಅಂದಳು. “ನಾ ಬಡದ ರೊಟ್ಟಿ ಊರೆಲ್ಲ ತಿಂತಿತ್ತು. ನಿನಗ ಗೊತ್ತಿತ್ತು ಅದು.”

ಸರಿತಾ ಏನೋ ಹೇಳಹೋದಳು, ಜನಾಬಾಯಿ ತಡೆದಳು.

“ಮನ್ಯಾಗ ಒಂದ ಮಾತ ಹೇಳಿದ್ರ ನಾನ ಬಿಡತಿದ್ದೆ. ಎಲ್ಲಾರ ಮುಂದ ನನ್ನ ನಿಂದರಿಸಿ ನಿನ್ನ ನ್ಯಾಯ ತೋರಿಸಿದಿ.”

ಇದಾದ ಮೇಲೆ ಜನಾಬಾಯಿ ಆ ವಿಷಯ ಎತ್ತಲಿಲ್ಲ. ಮನೆಯಲ್ಲಿ ಹಿಟ್ಟು ಮುಟ್ಟುವುದನ್ನೂ ಬಿಟ್ಟಳು. ಮುಂದಿನ ವಾರದಿಂದ ಕೂಲಿಯವರ ಟೆಂಪೋ ಹತ್ತಿದಳು. ಬೇಡವೆಂದು ನಿಲೇಶ ಬೇಡಿಕೊಂಡ, ಒಮ್ಮೆ ಸಿಟ್ಟಾದ, ಅವಳು ಕೇಳಲಿಲ್ಲ. ಕೃಷ್ಣಾ ನದಿ ದಾಟಿ ಸತ್ತಿಯ ಹೊಲಗಳಿಗೆ ಕಬ್ಬಿನ ಕಳೆ ತೆಗೆಯಲು ಹೋಗುವುದು, ಕತ್ತಲಾಗುವ ಹೊತ್ತಿಗೆ ಬಂದು ಉಂಡು ಮಲಗುವುದು. ಮಳೆಗಾಲದಲ್ಲಿ ಟೆಂಪೋ ಇಳಿಯುವಾಗ ಜಾರಿ ಬಿದ್ದು ಬಲಗೈ ಮಣಿಕಟ್ಟು ಮುರಿಯಿತು. ಆಸ್ಪತ್ರೆಗೆ ಬರಲು ಒಪ್ಪದೆ ನಾಟಿ ವೈದ್ಯನ ಹತ್ತಿರ ಬಿದಿರು ಕಟ್ಟಿಸಿಕೊಂಡಳು. ಕಟ್ಟು ಬಿಚ್ಚಿದ್ದೇ ಮತ್ತೆ ಹೊಲಕ್ಕೆ ಹೋದಳು.

ಇತ್ತ ಯಂತ್ರ ಬಂತು. ಕಾಯಿ ಒಡೆದರು, ಪೇಢೆ ಹಂಚಿದರು, ಫೋಟೋ ತೆಗೆದರು. ರೊಟ್ಟಿಗಳು ಅಚ್ಚಿನಿಂದ ತೆಗೆದಂತೆ ಒಂದೇ ಗಾತ್ರಕ್ಕೆ ಬಿದ್ದವು. ಮೊದಲ ವಾರ ಎಲ್ಲರಿಗೂ ಬೆರಗು. ಆಮೇಲೆ ಒಂದೊಂದೇ ತೊಂದರೆ ಕಾಣಿಸಿತು. ಯಂತ್ರಕ್ಕೆ ಬೇಕಾದ ಕರೆಂಟು ಹೊತ್ತಿಗೆ ಸರಿಯಾಗಿ ಇರುತ್ತಿರಲಿಲ್ಲ. ಕೆಟ್ಟರೆ ಕೊಲ್ಲಾಪುರದಿಂದ ಮೆಕ್ಯಾನಿಕ್ ಬರಬೇಕು. ರೊಟ್ಟಿ ಮಧ್ಯಾಹ್ನಕ್ಕೆ ಬಿರುಸಾಗಿ ಮುರಿಯುತ್ತಿತ್ತು. ಮನೆಗೆಂದು ರೊಟ್ಟಿ ಒಯ್ಯುತ್ತಿದ್ದವರು ಒಬ್ಬೊಬ್ಬರಾಗಿ ಬರುವುದನ್ನು ನಿಲ್ಲಿಸಿದರು. ಹಾಸ್ಟೆಲ್ಲುಗಳು ಉಳಿದವು, ಅವರಿಗೆ ಕಡಿಮೆ ದರದ್ದು ಸಾಕು. ಆದರೆ ಇನ್ನೂ ಕಡಿಮೆ ದರಕ್ಕೆ ರೊಟ್ಟಿ ತೆಗೆಯುವ ದೊಡ್ಡ ಯಂತ್ರಗಳು ಮಹಾರಾಷ್ಟ್ರದ ಕಡೆಯ ವ್ಯಾಪಾರಿಗಳ ಹತ್ತಿರ ಇದ್ದವು. ಕಾರ್ಖಾನೆಯ ಕ್ಯಾಂಟೀನು ಅವರ ಪಾಲಾಯಿತು. ಕೈರೊಟ್ಟಿಯ ಕಾಲದಲ್ಲಿ ಸಾವಲಿಗೆ ಸರಿಸಮ ಯಾರೂ ಇರಲಿಲ್ಲ. ಯಂತ್ರದ ಕಾಲದಲ್ಲಿ ಅದು ಎಲ್ಲರಿಗಿಂತ ಸಣ್ಣದು. ಸರಿತಾ ಇದನ್ನು ಸಂಗ್ರಾಮನಿಗೆ ಫೋನಿನಲ್ಲಿ ಹೇಳಿದಳು. ಅವನು ಒಪ್ಪಿದ, ಮೇಲಿನವರಿಗೆ ತಿಳಿಸುತ್ತೇನೆ ಎಂದ. ಮೇಲಿನಿಂದ ಏನೂ ಬರಲಿಲ್ಲ. ಉಳಿದ ಹೆಂಗಸರಿಗೆ ಪಗಾರ ತಡವಾಗತೊಡಗಿತು. ತನ್ನ ಪಗಾರವನ್ನು ಅವಳು ತೆಗೆದುಕೊಳ್ಳುವುದನ್ನೇ ನಿಲ್ಲಿಸಿದಳು.

ಅಷ್ಟರಲ್ಲಿ ಅಥಣಿಯ ಒಂದು ದೊಡ್ಡ ಮನೆಯ ಲಗ್ನಕ್ಕೆ ರೊಟ್ಟಿ ಬೇಕೆಂದು ಕೇಳಿಕೊಂಡು ಬಂದರು. ಕೈಯಿಂದ ಬಡಿದದ್ದೇ ಆಗಬೇಕು, ಹಳೆಯ ರುಚಿ ಬೇಕು ಎಂದರು. ಇದೊಂದು ಸರಿಹೋದರೆ ಆ ಕಡೆಯ ಲಗ್ನಗಳೆಲ್ಲ ಸಿಗುತ್ತವೆ, ಹಳೆಯ ಒಲೆಗಳನ್ನು ಮತ್ತೆ ಹೊತ್ತಿಸಬಹುದು ಎಂದು ಸರಿತಾಳಿಗೆ ಆಸೆ ಹುಟ್ಟಿತು. ದಿಲಶಾದಬಿ ಜೊತೆಗೂಡಿ, ಬಿಟ್ಟುಹೋದವರ ಮನೆ ಮನೆ ತಿರುಗಿದಳು. ಇಬ್ಬರು ಬರುತ್ತೇವೆಂದರು. ಉಳಿದವರು ಊರಲ್ಲಿರಲಿಲ್ಲ. ಸಕ್ಕುಬಾಯಿ ಕೊಕಟನೂರಿಗೆ ತಿರುಗಿ ಹೋಗಿ ಗುಡಿಯ ಮುಂದೆ ಕೂತಿದ್ದಾಳೆಂದು ತಿಳಿಯಿತು. ಅವಳನ್ನು ಕರೆಯಲು ಸರಿತಾಳಿಗೆ ಮುಖವಿರಲಿಲ್ಲ.

ಇನ್ನುಳಿದದ್ದು ಅತ್ತೆ. ಮನೆಯಲ್ಲಿ ಕೇಳಬಹುದಿತ್ತು. ಆದರೆ ಈ ಸಲ ತಾನೇ ಅವಳಿದ್ದಲ್ಲಿಗೆ ಹೋಗಿ ಕೇಳಬೇಕೆನಿಸಿತು. ಬಸ್ಸು ಹಿಡಿದು ಸತ್ತಿಗೆ ಹೋಗಿ, ಕೇಳಿಕೊಂಡು ಕೇಳಿಕೊಂಡು ಹೊಲ ಹುಡುಕಿದಳು. ಎದೆಮಟ್ಟದ ಕಬ್ಬಿನ ಸಾಲುಗಳ ನಡುವೆ ಹೆಂಗಸರು ಬಗ್ಗಿದ್ದರು. ಜನಾಬಾಯಿ ಎಡಗೈಯಿಂದ ಕಳೆ ಕೀಳುತ್ತಿದ್ದಳು. ಸೊಸೆಯನ್ನು ಕಂಡು ಎದ್ದು ಬದುವಿಗೆ ಬಂದಳು, ಮನೆಯಲ್ಲಿ ಏನಾದರೂ ಆಯಿತೇನೋ ಎಂದು ಗಾಬರಿಯಾಗಿದ್ದಳು.

ಸರಿತಾ ಬಂದ ಕಾರಣ ಹೇಳಿದಳು. ಅವತ್ತು ಹಾಗೆ ಮಾಡಬಾರದಿತ್ತು ಎಂದೂ ಹೇಳಿದಳು.

“ಸಿಟ್ಟ ಬಿಟ್ಟು ಬಾ ಅತ್ತಿ. ನೀ ಕುಂತ್ರ ಉಳದವ್ರೂ ಬರ್ತಾರ.”

ಜನಾಬಾಯಿ ಬಲಗೈಯನ್ನು ಮುಂದೆ ಚಾಚಿದಳು. ಮಣಿಕಟ್ಟು ಒಂದು ಕಡೆ ವಾಲಿ ಕೂಡಿಕೊಂಡಿತ್ತು. ಅಂಗೈ ಅಗಲಿಸಲು ನೋಡಿದಳು; ಬೆರಳುಗಳು ಅರ್ಧಕ್ಕೆ ನಿಂತವು.

“ಬರೇ ಸಿಟ್ಟಿದ್ರ ಬರತಿದ್ನೆವ್ವಾ. ಈ ಕೈಲೆ ರೊಟ್ಟಿ ಆಗೂದಿಲ್ಲ.”

ಒಂದೇ ಮನೆಯಲ್ಲಿ ಇದ್ದೂ ಕೈ ಹೀಗೆ ಕೂಡಿದ್ದನ್ನು ಸರಿತಾ ನೋಡಿರಲಿಲ್ಲ. ಹಿಟ್ಟು ಮುಟ್ಟದಿದ್ದದ್ದನ್ನು ಸಿಟ್ಟೆಂದೇ ತಿಳಿದು, ಆ ಸಿಟ್ಟು ಇಳಿಯಲೆಂದು ಕಾಯುತ್ತಿದ್ದಳು. ಕೂಲಿಯವರ ಮೇಲಿನ ಮುಕಾದಮ ಆ ಕಡೆಯಿಂದ ಕೂಗಿದ. ಜನಾಬಾಯಿ ಸಾಲಿಗೆ ತಿರುಗಿ ಹೋದಳು.

ಲಗ್ನದ ರೊಟ್ಟಿಯನ್ನು ಕೈಲಾದಷ್ಟು ಬಡಿದು, ಉಳಿದದ್ದನ್ನು ಯಂತ್ರದಿಂದ ತೆಗೆದು ಕಳಿಸಿದರು. ಬುಟ್ಟಿಗಳಲ್ಲಿ ಎರಡೂ ಬೆರೆತದ್ದು ಪಂಕ್ತಿಯಲ್ಲಿ ಗೊತ್ತಾಯಿತು. ಲಗ್ನದ ಮನೆಯವರು ಫೋನಿನಲ್ಲಿ ಬಾಯಿಗೆ ಬಂದಂತೆ ಆಡಿದರು. ಮುಂದೆ ಅಥಣಿಯಿಂದ ಯಾರೂ ಕೇಳಿಕೊಂಡು ಬರಲಿಲ್ಲ.

ದೀಪಾವಳಿಗೆ ಮೊದಲು ಸಾವಲಿ ಮುಚ್ಚಿತು. ಫೌಂಡೇಶನ್ನಿನವರು ಬಂದು ಯಂತ್ರವನ್ನು ಲಾರಿಗೆ ಏರಿಸಿ, ಬೇರೆ ಊರಿನ ಇನ್ನೊಂದು ಕೇಂದ್ರಕ್ಕೆ ಕೊಂಡೊಯ್ದರು. ಹೀನಾ ಓದು ಅರ್ಧಕ್ಕೆ ಬಿಟ್ಟಳು. ತಾಯಿ ಮಗಳಿಬ್ಬರೂ ಇಚಲಕರಂಜಿಗೆ, ಅಲ್ಲಿನ ಮಗ್ಗದ ಕೆಲಸಕ್ಕೆ ಹೋದರು. ಹೊರಡುವ ಮೊದಲು ದಿಲಶಾದಬಿ ಮನೆಗೆ ಬಂದು ಜನಾಬಾಯಿಯ ಪಕ್ಕದಲ್ಲಿ ಬಹಳ ಹೊತ್ತು ಕೂತಿದ್ದಳು. ಭಾವುಸಾಹೇಬರು ಚಳಿಗಾಲದಲ್ಲಿ ತೀರಿಕೊಂಡರು. ಸಾವಲಿ ಮುಚ್ಚಿದ್ದನ್ನು ಅವರಿಗೆ ಯಾರೂ ಹೇಳಿರಲಿಲ್ಲವಂತೆ.

ಬೇಸಿಗೆಯಲ್ಲಿ ಸಂಗ್ರಾಮನ ಫೋನು ಬಂತು. ಚಿಕ್ಕೋಡಿಯಲ್ಲಿ ಒಂದು ತರಬೇತಿ ಇದೆ, ಹೊಸದಾಗಿ ಇಂಥ ಉದ್ದಿಮೆ ನಡೆಸುವವರು ಬರುತ್ತಾರೆ, ಮಂದಿಯನ್ನೂ ಹಣವನ್ನೂ ಹೇಗೆ ನಿಭಾಯಿಸಬೇಕು ಎಂದು ನಿಮ್ಮ ಅನುಭವ ಹೇಳಬೇಕು ಎಂದ. ಗೌರವಧನವೂ ಇತ್ತು. ಕೆಲಸವಿಲ್ಲದೆ ಕೂತ ಸರಿತಾ ಹೋದಳು.

ಸಭಾಂಗಣದಲ್ಲಿ ಹುಡುಗ ಹುಡುಗಿಯರು ತುಂಬಿದ್ದರು. ದರ ಹೇಗೆ ಕಟ್ಟಬೇಕು, ಬರಬೇಕಾದ ಹಣ ತಡವಾದರೆ ಏನು ಮಾಡಬೇಕು, ಕೊಡುವವರ ಮೇಲೆ ಎಷ್ಟು ನೆಚ್ಚಿಕೊಳ್ಳಬೇಕು ಎಂಬುದನ್ನೆಲ್ಲ ಅವಳು ತಡವರಿಸದೆ ಹೇಳಿದಳು. ಅಥಣಿಯಲ್ಲಿ ಚೀಲ ಹೊಲಿಯುವ ಘಟಕ ನಡೆಸುವ ಗುಲನಾಜ ಎಂಬ ಹುಡುಗಿ ಎದ್ದು ನಿಂತಳು.

“ಯಾರ್ನ ಬಿಡಬೇಕಂತ ಹೆಂಗ ಠರಾಯಿಸಿದ್ರಿ ಮ್ಯಾಡಂ? ನನಗೂ ಈಗ ಅದ ಪಾಳಿ ಬಂದೈತ್ರಿ.”

“ಮೊದಲ ನಮ್ಮ ಅತ್ತೀನ ಬಿಟ್ಟೆ,” ಅಂದಳು ಸರಿತಾ.

ಹಿಂದಿನ ಸಾಲಿನಿಂದ ಯಾರೋ ಚಪ್ಪಾಳೆ ತಟ್ಟಿದರು, ಸಭೆಯೆಲ್ಲ ತಟ್ಟಿತು. ಸಂಗ್ರಾಮ ಮೈಕಿಗೆ ಬಂದು, ಮುಂದಾಳು ಎಂದರೆ ಹೀಗಿರಬೇಕು ಎಂದ. ಸರಿತಾಳಿಗೆ ಇನ್ನೂ ಹೇಳುವುದಿತ್ತು, ಬಾಯಿ ತೆರೆದಳು. ಅಷ್ಟರಲ್ಲಿ ಚಹಾದ ಹೊತ್ತಾಯಿತೆಂದು ಎಲ್ಲರೂ ಎದ್ದರು. ಗುಲನಾಜ ಅವಳು ಹೇಳಿದ್ದನ್ನು ಬರೆದುಕೊಂಡು ಜನರ ನಡುವೆ ಹೊರಗೆ ಹೋದಳು. ಸರಿತಾ ಅವಳನ್ನು ಬಾಗಿಲ ತನಕ ಹುಡುಕಿದಳು, ಸಿಗಲಿಲ್ಲ.

ಮನೆಗೆ ಬಂದಾಗ ಜನಾಬಾಯಿ ಮೊಮ್ಮಕ್ಕಳಿಗೆ ಎಡಗೈಯಿಂದ ಅನ್ನ ಬಡಿಸುತ್ತಿದ್ದಳು. ಹೇಗಾಯಿತು ಎಂದು ನಿಲೇಶ ಕೇಳಿದ. ಚೆನ್ನಾಗಿ ಆಯಿತು ಎಂದಳು. ಮರುವಾರ ಸಂಗ್ರಾಮ ಮತ್ತೆ ಫೋನು ಮಾಡಿದ. ನಿಮ್ಮ ಮಾತು ಎಲ್ಲರಿಗೂ ಹಿಡಿಸಿದೆ, ಮುಂದಿನ ತಿಂಗಳು ನಿಪ್ಪಾಣಿಯಲ್ಲಿಯೂ ಅದನ್ನೇ ಹೇಳಬೇಕು, ಅತ್ತೆಯ ಸಂಗತಿ ಮಾತ್ರ ಬಿಡಬೇಡಿ ಎಂದ. ಜನಾಬಾಯಿ ಕೇಳಿಸುವಷ್ಟು ಹತ್ತಿರದಲ್ಲೇ ಕೂತಿದ್ದಳು. ಸರಿತಾ ಹೊರಗೆ ಹೋಗಿ ಅಂಗಳದಲ್ಲಿ ನಿಂತು, ಬರತೇನ್ರಿ ಅಂದಳು.